ಬೇಸ್ ನಿಂತ ಸ್ವರವೇ ಷಡ್ಜ

ಕರ್ನಾಟಕ ಸಂಗೀತದವರೂ ಜಾಜ್‌ನವರೂ ಸೇರಿ ನೂರು-ನೂರೈವತ್ತು ಜನ ಕೂರುವ ಸಭಾಂಗಣದಲ್ಲಿ ಕಛೇರಿ ಮಾಡುವಾಗ ತಾಲೀಮಿನ ಬಹುಪಾಲು ಹೊತ್ತು ರಾಗದ ಆಯ್ಕೆ, ತಾಳದ ಲೆಕ್ಕಾಚಾರದಲ್ಲೇ ಕಳೆದುಹೋಗುತ್ತದೆ. ಕಛೇರಿ ಕೆಡುವುದು ಮಾತ್ರ ಸಾಮಾನ್ಯವಾಗಿ ಕೆಳಗಿನಿಂದ, ಅಂದರೆ ತಗ್ಗು ಸ್ವರಗಳ ತಂತಿವಾದ್ಯವಾದ ಬೇಸ್‌ನಿಂದ. ಡಬಲ್ ಬೇಸ್ ನುಡಿಸುವವರ ತಪ್ಪು ಇದರಲ್ಲಿ ಇರುವುದಿಲ್ಲ. ಅವರು ಯಾವ ಸ್ವರದ ಮೇಲೆ ನಿಲ್ಲಬೇಕು ಎಂದು ಯಾರೂ ಹೇಳಿರುವುದಿಲ್ಲ, ಅಷ್ಟೆ.

ಮೋಹನ ರಾಗವನ್ನೇ ತೆಗೆದುಕೊಳ್ಳಿ. ಐದೇ ಸ್ವರ, ಎಲ್ಲರಿಗೂ ಪರಿಚಿತ, ಮೇಜರ್ ಸ್ಕೇಲಿಗೆ ಹತ್ತಿರ. ಹಾಗಾಗಿ ಇಂಥ ತಂಡಗಳು ಮೊದಲು ಕೈ ಹಾಕುವುದು ಅದಕ್ಕೇ. ಜಾಜ್‌ನವರ ಕೈಗೆ ತಾನಾಗಿ ಬರುವ ಸುತ್ತು ಒಂದಿದೆ: ಎರಡು ಬಾರ್‌ಗಳಲ್ಲಿ (ಬಾರ್ ಎಂದರೆ ಇಲ್ಲಿ ನಾಲ್ಕು ಬೀಟ್‌ಗಳ ಗುಂಪು) ಸ, ದ, ರಿ, ಪ ಎಂದು ಬೇಸ್ ಚಲಿಸುತ್ತದೆ, ಪ್ರತಿ ಸ್ವರಕ್ಕೂ ಎರಡೆರಡು ಬೀಟ್. ಮೇಲೆ ಪಿಟೀಲು ಶುದ್ಧವಾಗಿ ಮೋಹನವನ್ನೇ ನುಡಿಸುತ್ತಿದ್ದರೂ ಕೇಳುವವರ ಕಿವಿಗೆ ಆಗುವುದು ಗ್ರಹಭೇದ, ಅಂದರೆ ಆಧಾರ ಸ್ವರವಾದ ಷಡ್ಜದ (ಸ) ಜಾಗ ಬದಲಾಗಿ ಅವೇ ಸ್ವರಗಳು ಬೇರೆ ರಾಗವಾಗಿ ಕೇಳುವುದು. ಬೇಸ್ ಧೈವತದಲ್ಲಿ ನಿಂತಾಗ ಅವೇ ಐದು ಸ್ವರಗಳು ಶುದ್ಧ ಧನ್ಯಾಸಿ, ರಿಷಭದಲ್ಲಿ ನಿಂತಾಗ ಮಧ್ಯಮಾವತಿ, ಪಂಚಮದಲ್ಲಿ ನಿಂತಾಗ ಶುದ್ಧ ಸಾವೇರಿ. ಆದಿತಾಳದ ಒಂದು ಆವರ್ತನ, ಅಂದರೆ ಎಂಟು ಅಕ್ಷರಗಳ ಒಂದು ಸುತ್ತು, ಮುಗಿಯುವಷ್ಟರಲ್ಲಿ ನಾಲ್ಕು ರಾಗದ ನೆರಳು ಹಾದುಹೋಗಿರುತ್ತದೆ. ಅದರ ಜೊತೆಗೆ ರಿಷಭದ ಮೇಲಿನ ಮೈನರ್ ಕಾರ್ಡ್‌ನಲ್ಲಿ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಶುದ್ಧ ಮಧ್ಯಮ, ಪಂಚಮದ ಮೇಲಿನ ಕಾರ್ಡ್‌ನಲ್ಲಿ ಕಾಕಲಿ ನಿಷಾದ ಬಂದು ಕೂರುತ್ತವೆ. ಎರಡೂ ಮೋಹನದಲ್ಲಿ ಇಲ್ಲದ ಸ್ವರಗಳು.

ಇದಕ್ಕೆ ಎರಡು ದಾರಿಗಳಿವೆ. ಸ್ಥಳದಲ್ಲೇ ಹುಟ್ಟುವ ಆಲಾಪನೆ ಮತ್ತು ಕಲ್ಪನಾಸ್ವರದ ಭಾಗದಲ್ಲಿ ಬೇಸ್ ಷಡ್ಜ ಬಿಟ್ಟು ಕದಲಬಾರದು. ಬೇಕಿದ್ದರೆ ಲಯ ಬದಲಿಸಲಿ, ಸ್ಥಾಯಿ ಬದಲಿಸಲಿ, ಬಿಲ್ಲು ಹಿಡಿಯಲಿ. ಕಟ್ಟಿದ ಸಾಹಿತ್ಯ ಅಥವಾ ಟ್ಯೂನ್ ಬರುವಾಗ ಚಲಿಸಬಹುದು, ಆದರೆ ಕಾರ್ಡ್‌ಗಳನ್ನು ರಾಗದ ಸ್ವರಗಳಲ್ಲೇ ಕಟ್ಟಬೇಕು: ರಿಷಭದ ಮೇಲೆ ರಿ-ಪ-ದ, ಪಂಚಮದ ಮೇಲೆ ಪ-ಸ-ರಿ. ಇವು ಜಾಜ್‌ನವರಿಗೆ ಹೊಸದಲ್ಲ, ಸಸ್ ಕಾರ್ಡ್‌ಗಳು. ಗ್ರಹಭೇದವೇ ಬೇಕು ಎಂದಾದರೆ ಅದನ್ನು ಒಂದೇ ಕಡೆ, ನಾಲ್ಕೈದು ಆವರ್ತನಗಳಷ್ಟು ದೀರ್ಘವಾಗಿ, ಬೇಕೆಂದೇ ಮಾಡಬೇಕು. ತಂಬೂರಿಯ ಸದ್ದನ್ನು ಆಗ ಇಳಿಸಬೇಕು. ಬೇಸ್ ಒಂದು ಷಡ್ಜ, ತಂಬೂರಿ ಇನ್ನೊಂದು ಷಡ್ಜ ಹಿಡಿದರೆ ಮಧ್ಯದಲ್ಲಿರುವ ರಾಗಕ್ಕೆ ನೆಲೆಯೇ ಇರುವುದಿಲ್ಲ.

ಹಿಂದೋಳದಲ್ಲಿ ತೊಂದರೆ ಬೇರೆ. ಪಂಚಮವೇ ಇಲ್ಲದ ರಾಗ, ಆದರೆ ಬೇಸ್ ನುಡಿಸುವವರ ಬೆರಳು ಸ ಆದಮೇಲೆ ಪ ಹುಡುಕಿಕೊಂಡು ಹೋಗುತ್ತದೆ. ವರ್ಷಗಳ ಅಭ್ಯಾಸ ಅದು. ಅವರ ಹಾಳೆಯ ಮೇಲೆ ಪಂಚಮ ನಿಷಿದ್ಧ, ಮಧ್ಯಮ ಹಿಡಿಯಿರಿ ಎಂದು ದಪ್ಪಕ್ಷರದಲ್ಲಿ ಬರೆದುಕೊಡಿ. ತಂಬೂರಿಯನ್ನೂ ಸ-ಮಕ್ಕೆ ಬದಲಿಸುವುದನ್ನು ಮರೆಯಬೇಡಿ.

1983ರಲ್ಲಿ ಅಮೆರಿಕದ ಜಾಜ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಜರ್ಮನಿಯಲ್ಲಿ ಧ್ವನಿಮುದ್ರಿಸಿದ ಆಲ್ಬಂ ‘ಜ್ಯೋತಿ’ಯನ್ನು ಈ ದೃಷ್ಟಿಯಿಂದ ಕೇಳಬೇಕು. ಆರ್.ಎ. ರಮಾಮಣಿಯವರ ಗಾಯನ ಮತ್ತು ತಂಬೂರಿ, ಟಿ.ಎ.ಎಸ್. ಮಣಿಯವರ ಮೃದಂಗ, ಜೊತೆಗೆ ಘಟ, ಮೋರ್ಸಿಂಗ್, ಖಂಜಿರ, ಮರಿಯಾನೊ ಅವರ ಸ್ಯಾಕ್ಸೋಫೋನ್ ಮತ್ತು ಕೊಳಲು. ಬೇಸ್ ಇಲ್ಲ, ಪಿಯಾನೊ ಇಲ್ಲ. ಷಡ್ಜ ಅಲುಗುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ, ಹಾಗಾಗಿ ಸ್ಯಾಕ್ಸೋಫೋನಿಗೆ ಎಷ್ಟು ಜಾಗ ಸಿಕ್ಕಿದೆ ನೋಡಿ. 2008ರಲ್ಲಿ ಬಂದ ಆಲ್ಬಂ ‘ಕಿನ್ಸ್‌ಮನ್’ ಇದಕ್ಕೆ ಎದುರು ದಿಕ್ಕಿನದು. ನಮ್ಮ ಕದ್ರಿ ಗೋಪಾಲನಾಥರೂ ಕರ್ನಾಟಕ ಮೂಲದ ಅಮೆರಿಕನ್ ವಾದಕ ರುದ್ರೇಶ್ ಮಹಾಂತಪ್ಪನವರೂ ಇಬ್ಬರೂ ಆಲ್ಟೊ ಸ್ಯಾಕ್ಸೋಫೋನ್, ಎ. ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಇನ್ನೊಂದು ಕಡೆ ಗಿಟಾರ್, ಬೇಸ್, ಡ್ರಮ್ಸ್. ಅದರಲ್ಲಿ ಬೇಸ್ ಯಾವಾಗ ಸುಮ್ಮನಿರುತ್ತದೆ, ಯಾವಾಗ ನಡೆಯುತ್ತದೆ ಎಂದು ಹಿಂಬಾಲಿಸಿದರೆ ಒಂದು ತಾಲೀಮಿನಷ್ಟು ಪಾಠ ಸಿಗುತ್ತದೆ.

ಶ್ರುತಿಯ ಆಯ್ಕೆಗೂ ಬೇಸೇ ಆಧಾರವಾಗಲಿ. ವೀಣೆ, ಪಿಟೀಲಿನವರಿಗೆ ಎರಡೂವರೆ ಮನೆ, ಅಂದರೆ ಇ ಫ್ಲಾಟ್, ಹಿತ. ಆಲ್ಟೊ ಸ್ಯಾಕ್ಸೋಫೋನಿಗೂ ಹಿತವೇ, ಅವರ ಹಾಳೆಯಲ್ಲಿ ಸಿ ಎಂದು ಬರೆದದ್ದು ಇ ಫ್ಲಾಟ್ ಆಗಿ ಕೇಳುವುದರಿಂದ ಷಡ್ಜ ಅವರ ಬರಹದ ಸಿ ಆಗುತ್ತದೆ. ಆದರೆ ಬೇಸ್‌ನ ನಾಲ್ಕು ಬಿಡಿ ತಂತಿಗಳು ಇ, ಎ, ಡಿ, ಜಿ. ಇ ಫ್ಲಾಟ್ ಷಡ್ಜವಾದರೆ ಇವು ಕ್ರಮವಾಗಿ ಶುದ್ಧ ರಿಷಭ, ಪ್ರತಿ ಮಧ್ಯಮ, ಕಾಕಲಿ ನಿಷಾದ, ಅಂತರ ಗಾಂಧಾರ. ಸ-ಪ ಎರಡಕ್ಕೂ ಬಿಡಿ ತಂತಿ ಇಲ್ಲ. ಇಡೀ ಸಂಜೆ ಆಧಾರ ಷಡ್ಜವನ್ನು ಬೆರಳೊತ್ತಿ ಹಿಡಿಯಬೇಕು. ಕೈ ದಣಿದಂತೆ ಶ್ರುತಿ ಜಾರುತ್ತದೆ. ಅರ್ಧ ಮನೆ ಇಳಿಸಿ ಡಿಗೆ ಬನ್ನಿ. ಅವೇ ತಂತಿಗಳು ಈಗ ರಿ, ಪ, ಸ, ಮ. ಆಲ್ಟೊದಲ್ಲಿ ಷಡ್ಜ ಬರಹದ ಬಿ ಆಗುತ್ತದೆ. ಐದು ಶಾರ್ಪ್‌ಗಳ ಸ್ಕೇಲ್, ಆದರೆ ಪಳಗಿದವರಿಗೆ ಅದೇನೂ ಭಾರವಲ್ಲ. ಮಂದ್ರ ಷಡ್ಜದಿಂದ ತಾರದ ಪ್ರತಿ ಮಧ್ಯಮದವರೆಗೆ ಪೂರ್ತಿ ಹರವು ಸಿಗುತ್ತದೆ. ವೀಣೆಯ ನಾದ ಕೊಂಚ ಸಡಿಲವಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಎರಡು ದಿನ ಮೊದಲೇ ಇಳಿಸಿಟ್ಟರೆ ತಂತಿ ಒಗ್ಗಿಕೊಂಡು ನಿಲ್ಲುತ್ತದೆ. ಮೃದಂಗ ತಗ್ಗು ಶ್ರುತಿಯದು ಬೇಕು, ಸುಮಾರು 24 ಇಂಚು ಉದ್ದದ್ದು. ಘಟವಿದ್ದರೆ ಡಿ ಶ್ರುತಿಯ ಘಟವನ್ನೇ ಹುಡುಕಿ ತರಬೇಕು. ಸುಟ್ಟ ಮಡಕೆಯ ಶ್ರುತಿಯನ್ನು ಸಂಜೆ ಹೊತ್ತಿಗೆ ಬದಲಿಸಲಾಗದು.

ಪಿಯಾನೊ ಇದ್ದರೆ ಶ್ರುತಿಯನ್ನು ಅದರಿಂದಲೇ ತೆಗೆದುಕೊಳ್ಳಬೇಕು, ತಂಬೂರಿಯಿಂದಲ್ಲ. ಎ ಸ್ವರ 440 ಹರ್ಟ್ಸ್‌ಗೆ ಕೂಡಿಸಿದ ಪಿಯಾನೊದಲ್ಲಿ ಡಿ 293.66. ಕೆಲವು ಸಭಾಂಗಣಗಳ ಪಿಯಾನೊ 442ಕ್ಕೆ ಕೂಡಿಸಿರುತ್ತದೆ, ಆಗ ಡಿ 295. ಎಂಟು ಸೆಂಟ್‌ಗಳ (ಸೆಂಟ್ ಎಂದರೆ ಅರ್ಧ ಮನೆಯ ನೂರನೆಯ ಒಂದು ಪಾಲು) ಈ ಅಂತರ ಒಂಟಿಯಾಗಿ ಕೇಳಿದರೆ ತಿಳಿಯುವುದಿಲ್ಲ, ತಂಬೂರಿಯ ಜೊತೆ ಕೇಳಿದರೆ ಸದ್ದು ಅಲೆಯಲೆಯಾಗಿ ನಡುಗುತ್ತದೆ. ಎಲೆಕ್ಟ್ರಾನಿಕ್ ತಂಬೂರಿಯ ಸೂಕ್ಷ್ಮ ಶ್ರುತಿಯ ಗುಂಡಿ ಇರುವುದೇ ಇದಕ್ಕೆ.

ಇದಕ್ಕಿಂತ ದೊಡ್ಡ ಜಗಳ ಗಾಂಧಾರದ್ದು. ತಂಬೂರಿಯ ನಾದಕ್ಕೆ ಹೊಂದಿಸಿ ಪಿಟೀಲಿನವರು ನಿಲ್ಲಿಸುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ ಮೇಲಿರುತ್ತದೆ, ಪಿಯಾನೊದ್ದು 400. ಇಬ್ಬರೂ ಸರಿ, ಒಟ್ಟಿಗೆ ಕೇಳಿದರೆ ತಪ್ಪು. ಪರಿಹಾರ ಸುಲಭ, ಪಾಲಿಸುವುದು ಕಷ್ಟ: ರಾಗ ನುಡಿಸುವವರು ಗಾಂಧಾರದಲ್ಲಿ ನಿಂತಿರುವಾಗ ಪಿಯಾನೊ ಗಾಂಧಾರವನ್ನು ಮುಟ್ಟಬಾರದು. ಸ-ಪ-ರಿ ಒತ್ತಿ, ಗಾಂಧಾರದ ಜಾಗವನ್ನು ಖಾಲಿ ಬಿಡಬೇಕು. ಖರಹರಪ್ರಿಯದಂಥ ರಾಗದ ಸಾಧಾರಣ ಗಾಂಧಾರ ಇನ್ನೂ ನಾಜೂಕು. ಅದು ಒಂದು ಬಿಂದುವಿನಲ್ಲಿ ನಿಲ್ಲುವ ಸ್ವರವೇ ಅಲ್ಲ, ಗಮಕದಲ್ಲೇ ಅದರ ಜೀವ. ಪಿಯಾನೊ ಅದನ್ನು ಜೊತೆಜೊತೆಗೆ ನುಡಿಸಿದರೆ ಗಮಕಕ್ಕೆ ಮೊಳೆ ಹೊಡೆದಂತೆ. ಆದ್ದರಿಂದ ರಾಗದ ಮುಖ್ಯ ಸಾಲನ್ನು ಪಿಯಾನೊ ಎಂದೂ ಪಿಟೀಲಿನ ಜೊತೆ ನುಡಿಸಬಾರದು, ಉತ್ತರವಾಗಿ ನುಡಿಸಬಹುದು. ಬೇಸ್‌ಗೆ ಈ ಕಷ್ಟವಿಲ್ಲ, ಮೆಟ್ಟಿಲಿಲ್ಲದ ವಾದ್ಯ, ಜಾರು ಚೆನ್ನಾಗಿ ಬರುತ್ತದೆ. ಸ್ಯಾಕ್ಸೋಫೋನಿನಲ್ಲಿ ತುಟಿಯ ಒತ್ತಡ, ಅರ್ಧ ತೆರೆದ ಕೀಲಿಗಳಿಂದ ಬಹಳಷ್ಟು ಸಾಧ್ಯ. ಕದ್ರಿಯವರು ಅದಕ್ಕಾಗಿ ವಾದ್ಯವನ್ನೇ ಮಾರ್ಪಡಿಸಿಕೊಂಡರು.

ತಾಳಕ್ಕೆ ಬರೋಣ. ಆದಿತಾಳದ ಒಂದು ಆವರ್ತನ ನಾಲ್ಕರ ಎರಡು ಬಾರ್‌ಗೆ ಸಮ, ಅಲ್ಲಿಯವರೆಗೆ ತಕರಾರಿಲ್ಲ. ಹನ್ನೆರಡು ಬಾರ್‌ಗಳ ಬ್ಲೂಸ್ ಆರು ಆವರ್ತನ. ಇಲ್ಲಿ ಮೃದಂಗದವರು ದಾರಿ ತಪ್ಪುತ್ತಾರೆ, ಯಾಕೆಂದರೆ ಅವರಿಗೆ ಪ್ರತಿ ಆವರ್ತನವೂ ಒಂದೇ. ಎಷ್ಟನೆಯದು ಎಂದು ಎಣಿಸುವ ರೂಢಿ ಇಲ್ಲ. ಆರನೆಯ ಆವರ್ತನದ ಕೊನೆಯ ನಾಲ್ಕು ಅಕ್ಷರಗಳಲ್ಲಿ ಬೇಸ್ ಪ್ರತಿ ಸಲ ಒಂದೇ ಇಳಿಜಾರು ಸಾಲನ್ನು ನುಡಿಸಿದರೆ ಸಾಕು, ಎಣಿಕೆ ಬೇಕಾಗುವುದಿಲ್ಲ. ಡ್ರಮ್ಸ್‌ನವರು ತಪ್ಪುವುದು ಎಡುಪ್ಪಿನಲ್ಲಿ, ಅಂದರೆ ಹಾಡು ತಾಳದಲ್ಲಿ ಶುರುವಾಗುವ ಜಾಗದಲ್ಲಿ. ಸಮದಿಂದ (ಆವರ್ತನದ ಮೊದಲ ಪೆಟ್ಟು) ಒಂದೂವರೆ ಅಕ್ಷರ ತಳ್ಳಿ ಶುರುವಾಗುವ ಪಲ್ಲವಿ ಕೇಳಿದಾಗ ಅವರ ಕಿವಿ ಹಾಡಿನ ಮೊದಲ ಪದವನ್ನೇ ಒಂದು ಎಂದು ಹಿಡಿಯುತ್ತದೆ. ಆಮೇಲೆ ಎಲ್ಲವೂ ಒಂದೂವರೆ ಅಕ್ಷರ ಆಚೆ. ಮೊದಲ ತಾಲೀಮಿನಲ್ಲಿ ವಾದ್ಯ ಮುಟ್ಟದೆ ಎಲ್ಲರೂ ಕೈಯಲ್ಲಿ ತಾಳ ಹಾಕುತ್ತ ಪಲ್ಲವಿ ಹಾಡಬೇಕು, ಹಾಡಲು ಬಾರದವರೂ.

ಉದ್ದ-ಗಿಡ್ಡ ಹೊಡೆತಗಳ ಜಾಜ್ ಲಯವಾದ ಸ್ವಿಂಗ್ ಇನ್ನೊಂದು ತೊಡಕು. ಡ್ರಮ್ಸ್ ಸ್ವಿಂಗ್ ನುಡಿಸುವಾಗ ಮೃದಂಗ ಅಕ್ಷರಕ್ಕೆ ನಾಲ್ಕು ಮಾತ್ರೆಯ ಚತುರಶ್ರ ನಡೆಯಲ್ಲಿ ಹೋದರೆ ಲಯ ಕುಂಟುತ್ತದೆ. ಮೂರು ಮಾತ್ರೆಯ ತಿಶ್ರ ನಡೆಗೆ ಬನ್ನಿ. ಮಧ್ಯಮ ವೇಗದ ಸ್ವಿಂಗ್‌ನ ಎರಡು ಹೊಡೆತಗಳು ಆ ಮೂರರಲ್ಲಿ ಒಂದನೆಯ ಮತ್ತು ಮೂರನೆಯ ಮಾತ್ರೆಗೆ ಹೆಚ್ಚುಕಡಿಮೆ ಕೂರುತ್ತವೆ.

ಮುಕ್ತಾಯಗಳನ್ನು ಸೊಲ್ಲಿನಲ್ಲಿ ಹೇಳಿಕೊಟ್ಟು, ಅಂಕೆಯಲ್ಲಿ ಬರೆದುಕೊಡಿ. ‘ತದಿಗಿಣತೊಂ ತದಿಗಿಣತೊಂ’ ಎಂಬ ಹತ್ತು ಮಾತ್ರೆ ಮೂರು ಸಲ, ನಡುವೆ ಒಂದೊಂದು ಮಾತ್ರೆ ಬಿಡುವು: 10-1-10-1-10, ಒಟ್ಟು 32, ಚತುರಶ್ರ ನಡೆಯ ಒಂದು ಆವರ್ತನ. ಮೂರು ಆರಂಭಗಳು ಬೀಳುವುದು 1, 12, 23ನೇ ಮಾತ್ರೆಗಳಲ್ಲಿ. ಅಂದರೆ ಎರಡನೆಯದು ಮೂರನೇ ಅಕ್ಷರದ ಕೊನೆಯ ಮಾತ್ರೆಗೆ, ಮೂರನೆಯದು ಆರನೇ ಅಕ್ಷರದ ಮೂರನೇ ಮಾತ್ರೆಗೆ. ಡ್ರಮ್ಸ್‌ನವರು ಈ ಮೂರು ಜಾಗಗಳನ್ನಷ್ಟೇ ತೋರಿಸಿ, ಸಿಂಬಲ್ ಅನ್ನು ಮುಂದಿನ ಸಮಕ್ಕೆ ಉಳಿಸಿಕೊಂಡರೆ ಸಭೆ ಎದ್ದು ಕೂರುತ್ತದೆ. ಹೇಳದೆ ಬಿಟ್ಟರೆ ರೂಢಿಯಂತೆ ಎರಡನೇ ಬಾರ್‌ನ ಮೊದಲ ಬೀಟ್‌ಗೆ ಸಿಂಬಲ್ ಬೀಳುತ್ತದೆ, ಅದು ಎರಡನೇ ಸುತ್ತಿನ ಹೊಟ್ಟೆಯೊಳಗೆ. ತಾಳವಾದ್ಯಗಳಷ್ಟೇ ನುಡಿಸುವ ತನಿ ಆವರ್ತನೆ ಮಾತ್ರ ಇಬ್ಬರಿಗೂ ಒಂದೇ ಭಾಷೆ. ನಾಲ್ಕು ನಾಲ್ಕು ಬಾರ್ ಹಂಚಿಕೊಳ್ಳುವ ಜಾಜ್ ರೂಢಿ ನಮ್ಮ ಎರಡು ಆವರ್ತನ. ಅಲ್ಲಿಂದ ಒಂದಕ್ಕೆ, ಅರ್ಧಕ್ಕೆ ಇಳಿಸುತ್ತ ಬಂದು ಕೋರ್ವೆಯಲ್ಲಿ, ಅಂದರೆ ಲೆಕ್ಕ ಕಟ್ಟಿದ ಕೊನೆಯ ಮುಕ್ತಾಯದಲ್ಲಿ, ಕೂಡಬಹುದು.

ಸದ್ದಿನಲ್ಲೂ ಜಗಳ ಕೆಳಸ್ಥಾಯಿಯಲ್ಲೇ. ಬೇಸ್, ಡ್ರಮ್ಸ್‌ನ ಕಿಕ್, ಮೃದಂಗದ ಎಡಮುಖವಾದ ತೊಪ್ಪಿ ಮೂರೂ ಒಂದೇ ಜಾಗಕ್ಕೆ ಬರುತ್ತವೆ. ಮೃದಂಗದ ಗುಮ್ಕಿ (ತೊಪ್ಪಿಯ ಜಾರುವ ನಾದ) ಕೇಳಬೇಕಾದಲ್ಲಿ ಕಿಕ್ ಪೂರ್ತಿ ನಿಲ್ಲಬೇಕು. ಕಿಕ್ 18 ಇಂಚಿನದು ಸಾಕು, ಕಡ್ಡಿಗಿಂತ ಬ್ರಶ್ ಮೇಲು. ಚಿಕ್ಕ ಸಭಾಂಗಣದಲ್ಲಿ ಸ್ಯಾಕ್ಸೋಫೋನಿಗೆ ಮೈಕ್ ಬೇಡ, ಅದರ ಬಾಯಿ ಮೃದಂಗದ ಮೈಕಿನ ಕಡೆ ತಿರುಗಿರಬಾರದು. ನೆಲದಲ್ಲಿ ಕೂರುವವರಿಗೆ ಒಂದೂವರೆ ಅಡಿ ಎತ್ತರದ ಮಣೆ ಹಾಕಿ, ಸ್ಯಾಕ್ಸೋಫೋನಿನವರನ್ನು ಕುರ್ಚಿಯಲ್ಲಿ ಕೂರಿಸಿ. ಆಗ ಕಣ್ಣಿಗೆ ಕಣ್ಣು ಸಿಗುತ್ತದೆ. ಬೇಸ್ ಮೃದಂಗದ ಪಕ್ಕದಲ್ಲೇ ಇರಲಿ, ವೇದಿಕೆಯ ಆ ತುದಿಯಲ್ಲಿ ಅಲ್ಲ.

ಎ.ಸಿ. ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಒಣ ತಣ್ಣನೆ ಗಾಳಿಗೆ ಮೃದಂಗದ ಚರ್ಮ ಬಿಗಿದು ಶ್ರುತಿ ಏರುತ್ತದೆ, ತೊಪ್ಪಿಗೆ ಹಚ್ಚಿದ ರವೆ ಒಣಗುತ್ತದೆ. ಅದೇ ಗಾಳಿಗೆ ಸ್ಯಾಕ್ಸೋಫೋನ್ ತಣ್ಣಗಾಗಿ ಶ್ರುತಿ ಇಳಿಯುತ್ತದೆ. ಎರಡೂ ಎದುರುಬದುರು ದಿಕ್ಕಿಗೆ ಹೋಗುವುದರಿಂದ ಇಪ್ಪತ್ತು ನಿಮಿಷದಲ್ಲೇ ಅಂತರ ಕಿವಿಗೆ ಹೊಡೆಯುತ್ತದೆ. ಕಛೇರಿಗೆ ಒಂದು ಗಂಟೆ ಮೊದಲೇ ಎ.ಸಿ. ಹಾಕಿಸಿ, ವಾದ್ಯಗಳನ್ನು ಅದೇ ಗಾಳಿಯಲ್ಲಿಟ್ಟು ಆಮೇಲೆ ಶ್ರುತಿ ಮಾಡಿ. ತೊಂಬತ್ತು ನಿಮಿಷದ ಕಛೇರಿಗೆ ಐದು ಕೃತಿಗಳು ಸಾಕು, ನಡುವೆ ಎರಡೆರಡು ನಿಮಿಷ ಶ್ರುತಿಗೆ. ಯಾವುದಾದರೂ ಜಾಜ್ ಟ್ಯೂನಿಗೆ ಷಡ್ಜ ಬದಲಿಸಲೇಬೇಕಿದ್ದರೆ ಜಿಗೆ ಹೋಗಿ: ಡಿಗೆ ಕೂಡಿಸಿದ ಮೃದಂಗ ಅಲ್ಲಿ ಪಂಚಮವಾಗುತ್ತದೆ, ಕಿವಿಗೆ ಚುಚ್ಚುವುದಿಲ್ಲ, ಬೇಸ್‌ಗೂ ಬಿಡಿ ತಂತಿ ಇದೆ. ತಂಬೂರಿ ನಿಲ್ಲಿಸಲು ಒಬ್ಬರನ್ನು ನೇಮಿಸಿಡಿ; ಆ ಹೊತ್ತಿಗೆ ವೇದಿಕೆಯ ಮೇಲಿರುವ ಯಾರ ಕೈಯೂ ಖಾಲಿ ಇರುವುದಿಲ್ಲ.