ಈಗ ತಗೊಳ್ಳಲಾ, ಹೊಸ ಕಾರ್ಡ್ ಬರೋವರೆಗೆ ಕಾಯಲಾ?

ನಾನು ಮೈಸೂರಿನಲ್ಲಿ ಸ್ಟುಡಿಯೋದವರಿಗೆ, ಗೇಮ್ ಆಡುವ ಹುಡುಗರಿಗೆ ಕಂಪ್ಯೂಟರ್ ಜೋಡಿಸಿಕೊಡುತ್ತೇನೆ. ಹಾಗಾಗಿ ಎಲ್ಲಿ ಹೋದರೂ 'ಸುಮ್ನೆ ಒಂದು ಡೌಟು' ಅಂತ ಯಾರಾದರೂ ಪಕ್ಕಕ್ಕೆ ಬರುತ್ತಾರೆ. ಡೌಟು ಯಾವಾಗಲೂ ಒಂದೇ. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಈಗಲೇ ತಗೊಳ್ಳಲಾ, ಮುಂದಿನ ಸೀರೀಸ್‌ಗೆ ಕಾಯಲಾ?

ಕೆಲಸ ನಿಂತಿದ್ದರೆ ತಗೊಳ್ಳಿ. ನಿಂತಿಲ್ಲದಿದ್ದರೆ ಬೇಡ, ಅದರ ಮಾತೂ ಬೇಡ. ಆದರೆ ಕೇಳುವವರಿಗೆ ಈ ಎರಡೂ ಬೇಕಿಲ್ಲ. 'ಕಾಯಿ' ಅಂತ ನನ್ನ ಬಾಯಲ್ಲಿ ಹೇಳಿಸಬೇಕು. ಆಗ ದುಡ್ಡು ಬಿಚ್ಚದೆ ಇದ್ದದ್ದು ಬುದ್ಧಿವಂತಿಕೆ ಆಗುತ್ತದೆ, ಅಲ್ವಾ?

ಮಂಡ್ಯದ ಹತ್ತಿರ ಒಂದು ಬೀಗರೂಟ. ಎಲೆಗೆ ಮುದ್ದೆ ಬಿದ್ದಿದೆ, ಸಾರಿನವರು ಇನ್ನೂ ಆಚೆ ಸಾಲಿನಲ್ಲಿದ್ದಾರೆ. ಪಕ್ಕದಲ್ಲಿ ನಮ್ಮ ದೊಡ್ಡಮ್ಮನ ಮೊಮ್ಮಗ. ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಫೋನ್ ನನ್ನ ಎಲೆ ಮೇಲೇ ಹಿಡಿದ. "ಚಿಕ್ಕಪ್ಪ, ಅರವತ್ತರ ಸೀರೀಸ್ ಬತ್ತದಂತೆ. ಈಗ ತಗೊಂಡ್ರೆ ಆಮೇಲೆ ಬೇಜಾರಾಗಲ್ವಾ?"

ಅವನ ಹತ್ತಿರ ಇರುವುದು ಎನ್ವಿಡಿಯಾ ಕಂಪನಿಯ 1050 ಟಿಐ, 2016ರ ಕಾರ್ಡ್. 30ರ ಸೀರೀಸ್‌ಗೆ ಕಾದ. 2020ರ ಸೆಪ್ಟೆಂಬರಿನಲ್ಲಿ ಬಂತು, ಕ್ರಿಪ್ಟೊ ನಾಣ್ಯಕ್ಕೆ ಮೈನಿಂಗ್ ಮಾಡುವವರು ಬಾಚಿಕೊಂಡು ಹೋದರು. ಹೇಳಿದ ಬೆಲೆಗೆ ಎಲ್ಲೂ ಸಿಗಲಿಲ್ಲ. 40ಕ್ಕೆ ಕಾಯೋಣ ಅಂದ. ಅದು ಬಂದಾಗ 50 ಬರಲಿ ಅಂದ. ಅದೂ ಬಂದ ಮೇಲೆ 'ಸ್ವಲ್ಪ ಇಳೀಲಿ' ಅಂದ. 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ದೆಸೆಯಿಂದ ಕಾರ್ಡಿನೊಳಗೆ ಕೂರುವ ಮೆಮೊರಿಯ ಬೆಲೆಯೇ ಏರಿತು.

ಎದುರು ಸಾಲಿನಿಂದ ಒಬ್ಬರು, "ಇವನು ಮಾರೋನು ಕಣಪ್ಪ, ತಗೊ ಅಂತಲೇ ಹೇಳ್ತಾನೆ" ಅಂದರು. ಸ್ವಾಮಿ, ಕಾರ್ಡಿನ ಬಿಲ್ಲು ಅಂಗಡಿಯವರದು. ನನಗೆ ಸಿಗುವುದು ಜೋಡಿಸಿದ ಕೂಲಿ. ಅದು ಈ ವರ್ಷವೂ ಅಷ್ಟೇ, ಮುಂದಿನ ವರ್ಷವೂ ಅಷ್ಟೇ.

ಕಾಯುವವರು ನೋಡದೇ ಇರುವ ವಿಷಯ ಒಂದಿದೆ. ಎನ್ವಿಡಿಯಾ ಮೊದಲು ತರುವುದು ದುಬಾರಿ ಕಾರ್ಡ್. 40ರ ಸೀರೀಸಿನಲ್ಲಿ 4090 ಬಂದದ್ದು 2022ರ ಅಕ್ಟೋಬರಿನಲ್ಲಿ, ನಮ್ಮ ಜೇಬಿನ 4060 ಬಂದದ್ದು 2023ರ ಜೂನ್ ಕೊನೆಗೆ. 50ರಲ್ಲಿ 5090 ಬಂದದ್ದು 2025ರ ಜನವರಿಯಲ್ಲಿ, 5060 ಮೇ ತಿಂಗಳಲ್ಲಿ. 'ಹೊಸ ಸೀರೀಸ್ ಬಂತು' ಅಂದ ದಿನ ನಿಮ್ಮದು ಬಂದಿರುವುದಿಲ್ಲ. ಬಂದರೂ ಎಲ್ಲದರಲ್ಲೂ ದೊಡ್ಡದೇ ಅಂತಿಲ್ಲ. 3060 ಬಂದಾಗ 12 ಜಿಬಿ ಮೆಮೊರಿ ಇತ್ತು, ಅದರ ನಂತರದ 4060ಗೆ 8 ಜಿಬಿ.

ಆಷಾಢ ಕಳೀಲಿ ಅಂತ ಕಾಯುವವರ ಮೇಲೆ ನನಗೆ ಸಿಟ್ಟಿಲ್ಲ. ಅದು ಮುಗಿಯುವ ದಿನ ಕ್ಯಾಲೆಂಡರಿನಲ್ಲಿದೆ. ಹಾಗೆಯೇ ನಿಮ್ಮ ಬಜೆಟ್ಟಿನ ಕಾರ್ಡಿಗೆ ತಾರೀಕು ಹೇಳಿದ್ದರೆ, ಅದು ಹತ್ತಿರ ಇದ್ದರೆ, ಧಾರಾಳವಾಗಿ ಕಾಯಿರಿ.

ಯಾರೂ ಕೇಳದ ಪ್ರಶ್ನೆ ಬೇರೆ. 'ನನ್ನ ಎಸ್‌ಎಂಪಿಎಸ್ ತಡೆಯುತ್ತಾ?' ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ. 1050 ಟಿಐ ತಿನ್ನುವುದು 75 ವ್ಯಾಟ್, ಕಾರ್ಡ್ ಸಿಕ್ಕಿಸುವ ಸ್ಲಾಟಿನಿಂದಲೇ ಸಾಕು. 5060ಗೆ 145 ವ್ಯಾಟ್, ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್ ಬೇಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಇಟ್ಟುಕೊಂಡು ಮುಂದಿನ ಸೀರೀಸಿನ ಮಾತಾಡುವವರೇ ಜಾಸ್ತಿ. ಮಾನಿಟರ್ ನೋಡಿದರೆ 60 ಹರ್ಟ್ಸ್. ಎಂಥ ಕಾರ್ಡ್ ಹಾಕಿದರೂ ಅದು ಸೆಕೆಂಡಿಗೆ 60 ಸಲಕ್ಕಿಂತ ಜಾಸ್ತಿ ಚಿತ್ರ ಬದಲಿಸಲ್ಲ.

ಇನ್ನೊಂದು, 'ನನ್ನ ಫೈಲಿಗೆ ಯಾವ ಕಾರ್ಡ್?' ಇದನ್ನು ನಾನೇ ಪಕ್ಕದ ಆ ಹುಡುಗನಿಗೆ ಕೇಳಿದೆ. ಅನ್ನ ಬರುವ ಹೊತ್ತಿಗೆ ಹೇಳಿದ, ಹೊಸ ಕ್ಯಾಮರಾ, 10 ಬಿಟ್, 4:2:2. ಅಂದರೆ ಬಣ್ಣದ ವಿವರ ಜಾಸ್ತಿ ತುಂಬಿಕೊಂಡ ವಿಡಿಯೋ. ಅಂಥ ಫೈಲನ್ನು ಎನ್ವಿಡಿಯಾದ 40ರವರೆಗಿನ ಕಾರ್ಡುಗಳು ತಾವೇ ಡಿಕೋಡ್ ಮಾಡುವುದಿಲ್ಲ, ಅಂದರೆ ಬಿಡಿಸಿ ತೋರಿಸುವುದಿಲ್ಲ, ಭಾರವೆಲ್ಲ ಪ್ರೊಸೆಸರ್ ಮೇಲೆ. ಅದಕ್ಕೇ ಅವನ ಟೈಮ್‌ಲೈನ್ ಎಳೆದರೆ ತೊದಲುತ್ತದೆ. 50ರ ಸೀರೀಸ್ ಮಾಡುತ್ತದೆ. ಅಂದರೆ ಅವನು ಕಾಯಬೇಕಾದದ್ದು ಆಗಲೇ ಅಂಗಡಿಯಲ್ಲಿದೆ. ಮೊದಲು ಎಸ್‌ಎಂಪಿಎಸ್ ಬದಲಿಸು, ಆಮೇಲೆ 5060 ಟಿಐ, 16 ಜಿಬಿಯದೇ ನೋಡು ಅಂದೆ.

"ಅರವತ್ತರದ್ದರಲ್ಲಿ ಇನ್ನೂ ಚೆನ್ನಾಗಿರಲ್ವಾ ಚಿಕ್ಕಪ್ಪ?" ಅಂದ.