ಆ ಪುಸ್ತಕವನ್ನು ಅವಳ ಕೈಗೆ ಕೊಟ್ಟ ದಿನ

ಮಂಡ್ಯ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ನಾನು ಮೇಲ್ವಿಚಾರಕಿ. ಈಗ 'ಅರಿವು ಕೇಂದ್ರ' ಅಂತ ಬೋರ್ಡು ಬಂದಿದೆ, ಊರಿನವರ ಬಾಯಲ್ಲಿ ಇನ್ನೂ ಲೈಬ್ರರಿಯೇ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾದ ಮೇಲೆ ಸಂಜೆ ಹೊತ್ತು ಚಾಪೆ ತುಂಬಾ ಮಕ್ಕಳು.

ದಾನಿಗಳೊಬ್ಬರು ಕೊಟ್ಟ ಪುಸ್ತಕಗಳಲ್ಲಿ ಒಂದು ಇಂಗ್ಲಿಷ್ ಗ್ರಾಫಿಕ್ ನಾವೆಲ್ ಇತ್ತು, ಅಂದರೆ ಕಾಮಿಕ್ಸ್ ಥರ ಚೌಕ ಚೌಕ ಚಿತ್ರಗಳಲ್ಲೇ ಹೇಳಿದ ಕಾದಂಬರಿ. ಹತ್ತು ಹನ್ನೆರಡು ವರ್ಷದವರಿಗೆ ಮಾಡಿದ್ದು. ಹೊಸ ಊರಿಗೆ ಬಂದ ಹುಡುಗಿ, ಹೊಸ ಶಾಲೆ, ಪಕ್ಕದಲ್ಲಿ ಕೂರುವವರಿಲ್ಲ. ಅವಳು ಊಟದ ಡಬ್ಬಿ ಹಿಡಿದು ಜಾಗ ಹುಡುಕುವುದೇ ಎರಡು ಪುಟ. ಒಂದು ಮಾತೂ ಇಲ್ಲ. ಒಂದೊಂದು ಚೌಕ ದಾಟಿದಂತೆ ಅವಳು ಚಿಕ್ಕವಳಾಗುತ್ತಾ ಹೋಗುತ್ತಾಳೆ. ಓದಿ ನನಗೆ ಗಂಟಲು ಕಟ್ಟಿತು. 'ನನಗೆ ಯಾರೂ ಇಲ್ಲ' ಅಂತ ಆ ವಯಸ್ಸಿನ ಮಕ್ಕಳು ಬಾಯಿಬಿಟ್ಟು ಹೇಳುವುದು ಕಮ್ಮಿ. ಹೊಟ್ಟೆನೋವು ಅಂತಾರೆ. ಶಾಲೆಗೆ ಹೋಗಲ್ಲ ಅಂತಾರೆ.

ನಮ್ಮಲ್ಲಿಗೂ ಅಂಥ ಒಬ್ಬಳು ಬರುತ್ತಿದ್ದಳು. ಅಪ್ಪ ಅಮ್ಮ ಬೆಂಗಳೂರು ಬಿಟ್ಟು ಊರಿಗೆ ಬಂದಿದ್ದರು. ಇಂಗ್ಲಿಷ್ ಮೀಡಿಯಂನಿಂದ ನೇರ ಇಲ್ಲಿನ ಕನ್ನಡ ಶಾಲೆಗೆ, ಆರನೇ ಕ್ಲಾಸಿಗೆ. ಮಕ್ಕಳು ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ಬೆಂಗಳೂರು' ಅಂತಲೇ ಕರೆಯುತ್ತಿದ್ದರು. ಪೇಪರ್ ಮೇಜಿನ ಮೂಲೆಯಲ್ಲಿ ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಕೂರುತ್ತಿದ್ದಳು.

ಒಂದು ಸಂಜೆ ಆ ಪುಸ್ತಕ ಅವಳ ಕೈಗಿಟ್ಟೆ. "ತಗೋ ಮಗಾ, ನಿನ್ನ ಥರದ್ದೇ ಹುಡುಗಿ ಕಥೆ" ಅಂದೆ. ಎಲ್ಲರಿಗೂ ಕೇಳಿಸಿತು. ಚಾಪೆ ಮೇಲಿಂದ ಯಾರೋ ನಕ್ಕರು. "ಬೇಡ ಅಕ್ಕಾ" ಅಂತ ಮೇಜಿನ ಮೇಲಿಟ್ಟು ಹೋದವಳು ಹತ್ತು ದಿನ ಬರಲಿಲ್ಲ.

ಆ ಹತ್ತು ದಿನ ನನಗೆ ಬಹಳ ಕಷ್ಟವಾಯಿತು. ಅವಳು ಯಾರಿಗೂ ಕಾಣದ ಹಾಗೆ ಬಚ್ಚಿಟ್ಟಿದ್ದನ್ನು ನಾನು ಎಲ್ಲರೆದುರು ಓದಿ ಹೇಳಿದ್ದೆ ಅಲ್ವಾ? ಈಗ ಇಂಥ ಪುಸ್ತಕವನ್ನು ಯಾವ ಮಗುವಿನ ಕೈಗೂ ಕೊಡುವುದಿಲ್ಲ. ರಾಶಿಯಲ್ಲಿ ಸುಮ್ನೆ ಇಟ್ಟಿರುತ್ತೇನೆ, ಮುಖಪುಟ ಕಾಣುವ ಹಾಗೆ.

ಇದನ್ನೂ ಹಾಗೇ ಚಾಪೆ ಮೇಲೆ ಇಟ್ಟೆ. ಚಿತ್ರ ನೋಡಿ ಹುಡುಗರು ಹುಡುಗಿಯರು ಮುತ್ತಿಕೊಂಡರು. ಯಾವ ಮಾತು ಮೊದಲು ಓದಬೇಕು ಅನ್ನುವುದೇ ಜಗಳ. ಎಡಗಡೆ ಮೇಲಿಂದ ಶುರು ಮಾಡಿ, ಮಾತಿನ ಸುತ್ತ ಬರೆದ ಗೆರೆ ಮೋಡದ ಥರ ಇದ್ದರೆ ಮನಸ್ಸಿನ ಮಾತು, ಮುಳ್ಳುಮುಳ್ಳಾಗಿದ್ದರೆ ಕಿರುಚಿದ್ದು ಅಂತ ಹೇಳಿಕೊಟ್ಟೆ. ಇಂಗ್ಲಿಷ್ ಮಾತ್ರ ಅವರಿಗೆ ಕಷ್ಟ.

ಅಷ್ಟರಲ್ಲಿ ಅವಳೂ ಮತ್ತೆ ಬರತೊಡಗಿದ್ದಳು. "ಅಕ್ಕಾ, ಇಲ್ಲಿ ಏನಂತಾವ್ಳೆ ಇವ್ಳು?" ಅಂತ ಒಬ್ಬ ಕೇಳಿದ. ಹೇಳುವುದಕ್ಕೆ ನಾಲಿಗೆ ತುದಿಗೆ ಬಂದಿತ್ತು. "ನನಗೆ ರಿಜಿಸ್ಟರ್ ಬರೆಯೋದಿದೆ, ಯಾರಾದರೂ ಓದಿ ಹೇಳ್ರಪ್ಪ" ಅಂದೆ. ಅವಳ ಕಡೆ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬ್ಯಾಗು ಕೆಳಗಿಟ್ಟ ಸದ್ದು ಕೇಳಿಸಿತು.

ಅವಳು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಡಬ್ಬಿಯ ಪುಟ ಬಂದಾಗ "ಇಲ್ಲೇನೂ ಬರೆದಿಲ್ಲ" ಅಂದಳು. ಪಕ್ಕದ ಹುಡುಗಿ ಚಿತ್ರವನ್ನೇ ನೋಡುತ್ತಾ, "ಉಣ್ಣಕ್ಕೆ ಜಾಗ ಸಿಕ್ತಿಲ್ಲ ಕಣೆ ಅವ್ಳಿಗೆ" ಅಂದಳು. ಆ ಗುಂಪಿನಲ್ಲಿ ಯಾರಾದರೂ ಅವಳಿಗೆ 'ಕಣೆ' ಅಂದದ್ದು ನಾನು ಕೇಳಿದ್ದು ಅದೇ ಮೊದಲು.

ಕಾಮಿಕ್ಸ್ ಓದಿದರೆ ಮಾರ್ಕ್ಸ್ ಬರುತ್ತಾ ಅಂತ ತಂದೆಯೊಬ್ಬರು ಕೇಳಿದರು. ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ 1922ರಿಂದ ಕೊಡುತ್ತಿರುವ ನ್ಯೂಬೆರಿ ಪದಕ 2020ರಲ್ಲಿ ಮೊದಲ ಸಲ ಒಂದು ಗ್ರಾಫಿಕ್ ನಾವೆಲ್‌ಗೆ ಬಂತು, ಅದೂ ಹೊಸ ಶಾಲೆಗೆ ಸೇರಿದ ಹುಡುಗನ ಕಥೆ ಅಂತ ಹೇಳಿದೆ. ಮಗನ ಜೊತೆ ನೀವೂ ಒಂದು ಸಲ ಓದಿ ಅಂತಲೂ ಕೇಳಿಕೊಂಡೆ.

ಮರುದಿನ ಆ ಹುಡುಗಿಯರಿಬ್ಬರೂ ಪುಸ್ತಕ ಮನೆಗೆ ಬೇಕು ಅಂತ ಬಂದರು. ಯಾರ ಹೆಸರಿಗೆ ಬರೆಯಲಿ ಅಂದೆ. ಮುಖ ಮುಖ ನೋಡಿಕೊಂಡರು. ಒಬ್ಬಳ ಹೆಸರು ಬರೆದುಕೊಂಡೆ. ಪುಸ್ತಕ ಇನ್ನೊಬ್ಬಳ ಬ್ಯಾಗಿಗೆ ಹೋಯಿತು.