‘ಅನರ್ಹ’ ಎಂದು ಬರೆದ ಕೈ

ಆಗಸ್ಟ್ 12 ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು ಹುಟ್ಟಿದ ದಿನ. ನಮ್ಮ ವೃತ್ತಿಯವರಿಗೆ ಅದು ಗ್ರಂಥಪಾಲಕರ ದಿನ. ಹಾಸನದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿರುವ ನಾನು ಅಂದು ಬೆಳಿಗ್ಗೆ ಅವರ ಭಾವಚಿತ್ರಕ್ಕೆ ಹಾರ ಹಾಕಿದ ಮೇಲೆಯೇ ಬೀರುಗಳ ಬೀಗ ತೆಗೆಯುವುದು ರೂಢಿ. 2024ರ ಆ ದಿನ ಮಾತ್ರ ಹಾರ ಒಂದು ಕೈಯಲ್ಲಿ, ಮೊಬೈಲ್ ಇನ್ನೊಂದು ಕೈಯಲ್ಲಿ ಇತ್ತು. ಹಿಂದಿನ ರಾತ್ರಿ ಗ್ಲಾಸ್ಗೋ ನಗರದಲ್ಲಿ ವಿಜ್ಞಾನ ಕಥಾ ಸಾಹಿತ್ಯದ ಹ್ಯೂಗೋ ಪ್ರಶಸ್ತಿಗಳ ಫಲಿತಾಂಶ ಬಂದಿತ್ತು. ನಮ್ಮ ಅಟೆಂಡರ್ ಅಣ್ಣ ಏಣಿ ಹಿಡಿದು ನಿಂತಿದ್ದವರು, ‘ಯಾವ ಪುಸ್ತಕ ಗೆದ್ದಿತು ಮೇಡಂ?’ ಎಂದು ಕೇಳಿದರು. ಎಮಿಲಿ ಟೆಶ್ ಅವರ ‘ಸಮ್ ಡೆಸ್ಪರೇಟ್ ಗ್ಲೋರಿ’ ಶ್ರೇಷ್ಠ ಕಾದಂಬರಿಯಾಗಿತ್ತು. ಆದರೆ ನನ್ನ ಕಣ್ಣು ಹುಡುಕುತ್ತಿದ್ದುದು ಆ ಹೆಸರನ್ನಲ್ಲ, ಅದರ ಹಿಂದಿನ ಎಣಿಕೆಯ ಪಟ್ಟಿಯನ್ನು. ಯಾವ ಪುಸ್ತಕಕ್ಕೆ ಎಷ್ಟು ಮತ ಬಂತು, ಯಾವುದನ್ನು ಕೈಬಿಟ್ಟರು, ಕೈಬಿಟ್ಟದ್ದಕ್ಕೆ ಕಾರಣ ಬರೆದಿದ್ದಾರೆಯೇ?

ಹಾಗೆ ನೋಡುವಂತೆ ನನ್ನನ್ನು ಮಾಡಿದ್ದು ನಾನೇ ಮಾಡಿದ ಒಂದು ತಪ್ಪು. ಅದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲೆಲ್ಲ ನಾನು ಪ್ರಶಸ್ತಿಗಳನ್ನು ಅಂಗಡಿಯವರ ಕ್ಯಾಟಲಾಗಿನಂತೆ ಬಳಸುತ್ತಿದ್ದೆ. ಹ್ಯೂಗೋ ಗೆದ್ದದ್ದು ಯಾವುದು, ನೆಬ್ಯುಲಾ ಗೆದ್ದದ್ದು ಯಾವುದು ಎಂದು ನೋಡುವುದು, ಬಜೆಟ್ ಉಳಿದಿದ್ದರೆ ತರಿಸುವುದು, ಹೊಸ ಪುಸ್ತಕಗಳ ಕಪಾಟಿನ ಮೇಲೆ ‘ವಿಶ್ವದ ಶ್ರೇಷ್ಠ ವಿಜ್ಞಾನ ಕಾದಂಬರಿ’ ಎಂದು ಚೀಟಿ ಅಂಟಿಸುವುದು. 2018ರಲ್ಲಿ ಎನ್.ಕೆ. ಜೆಮಿಸಿನ್ ಸತತ ಮೂರನೆಯ ವರ್ಷ ಶ್ರೇಷ್ಠ ಕಾದಂಬರಿಯ ಹ್ಯೂಗೋ ಪಡೆದರು. ಒಂದೇ ಕಾದಂಬರಿತ್ರಯದ ಮೂರೂ ಸಂಪುಟಗಳಿಗೆ ಬಂದ ಗೌರವ ಅದು. ಆ ಚೀಟಿಯ ಮುಂದೆ ನಿಂತ ಒಬ್ಬ ಬಿ.ಎಸ್ಸಿ. ಹುಡುಗ, ‘ಶ್ರೇಷ್ಠ ಎಂದು ಯಾರು ಹೇಳಿದ್ದು ಮೇಡಂ?’ ಎಂದು ಕೇಳಿದ. ಕೆಣಕಲು ಕೇಳಿದ್ದಲ್ಲ, ತಿಳಿಯಲೆಂದೇ ಕೇಳಿದ್ದು. ನನ್ನಲ್ಲಿ ಉತ್ತರವಿರಲಿಲ್ಲ. ವರ್ಷಗಳಿಂದ ಆ ಚೀಟಿ ಬರೆಯುತ್ತಿದ್ದವಳು ನಾನು!

ಓದಿ ತಿಳಿದುಕೊಂಡೆ. ಹ್ಯೂಗೋ ಪ್ರಶಸ್ತಿ ಆರಂಭವಾದದ್ದು 1953ರಲ್ಲಿ. 1926ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಆರಂಭಿಸಿದ ಹ್ಯೂಗೋ ಗರ್ನ್ಸ್‌ಬ್ಯಾಕ್ ಅವರ ಹೆಸರು ಅದಕ್ಕೆ. ತೀರ್ಪುಗಾರರ ಮಂಡಳಿ ಎಂಬುದೇ ಇಲ್ಲ. ಪ್ರತಿವರ್ಷ ಬೇರೆ ಬೇರೆ ಊರಿನಲ್ಲಿ ನಡೆಯುವ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಹಣ ಕಟ್ಟಿ ಸದಸ್ಯರಾದ ಓದುಗರೇ ಪುಸ್ತಕಗಳನ್ನು ಸೂಚಿಸುತ್ತಾರೆ, ಅವರೇ ಮತ ಹಾಕುತ್ತಾರೆ. ನೆಬ್ಯುಲಾ ಬೇರೆ, ಅದರಲ್ಲಿ ಮತ ಹಾಕುವವರು ಲೇಖಕರ ಸಂಘದ ಸದಸ್ಯರು. ಓದುಗರ ಮೆಚ್ಚುಗೆ ಒಂದು, ಕಸುಬುದಾರರ ಮೆಚ್ಚುಗೆ ಇನ್ನೊಂದು. ನಾನು ಎರಡನ್ನೂ ಒಂದೇ ಚೀಟಿಯಲ್ಲಿ ಕಟ್ಟಿಹಾಕಿದ್ದೆ.

ಹ್ಯೂಗೋದ ಮತ ಹಾಕುವ ಕ್ರಮ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಒಂದೇ ಹೆಸರಿಗೆ ಗುರುತು ಹಾಕಿ ಕೈತೊಳೆದುಕೊಳ್ಳಬೇಕಿಲ್ಲ. ಅಂತಿಮ ಪಟ್ಟಿಯ ಪುಸ್ತಕಗಳಿಗೆ ಒಂದು, ಎರಡು, ಮೂರು ಎಂದು ಮೆಚ್ಚುಗೆಯ ಕ್ರಮ ಬರೆಯಬಹುದು. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಎಲ್ಲಕ್ಕಿಂತ ಕೆಳಗಿರುವ ಪುಸ್ತಕವನ್ನು ತೆಗೆದು, ಆ ಚೀಟಿಗಳನ್ನು ಅವುಗಳ ಎರಡನೆಯ ಆಯ್ಕೆಗೆ ಸೇರಿಸುತ್ತಾರೆ. ಹೀಗೆ ಸುತ್ತು ಸುತ್ತಾಗಿ ಎಣಿಕೆ ಸಾಗುತ್ತದೆ. ಚೀಟಿಯಲ್ಲಿ ‘ಯಾವುದಕ್ಕೂ ಬೇಡ’ ಎಂಬ ಆಯ್ಕೆಯೂ ಇರುತ್ತದೆ. 2015ರಲ್ಲಿ ಒಂದು ಗುಂಪು ಮೊದಲೇ ಮಾತಾಡಿಕೊಂಡು ತನ್ನವರನ್ನೇ ಅಂತಿಮ ಪಟ್ಟಿಗೆ ತುಂಬಿದಾಗ, ಉಳಿದ ಓದುಗರು ಐದು ವಿಭಾಗಗಳಲ್ಲಿ ‘ಯಾವುದಕ್ಕೂ ಬೇಡ’ ಎಂಬುದನ್ನೇ ಗೆಲ್ಲಿಸಿದರು. ಅದೇ ವರ್ಷದ ಇನ್ನೊಂದು ಸಂಗತಿ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಲಿಯು ಸಿಶಿನ್ ಅವರ ‘ದಿ ಥ್ರೀ-ಬಾಡಿ ಪ್ರಾಬ್ಲಂ’ ಮೊದಲು ಪ್ರಕಟವಾದ ಅಂತಿಮ ಪಟ್ಟಿಯಲ್ಲಿ ಇರಲೇ ಇಲ್ಲ. ಪಟ್ಟಿಯಲ್ಲಿದ್ದ ಮಾರ್ಕೋ ಕ್ಲೂಸ್ ಎಂಬ ಲೇಖಕರು, ಆ ಗುಂಪಿನ ಬಲದಿಂದ ಸಿಕ್ಕ ಸ್ಥಾನ ತಮಗೆ ಬೇಡವೆಂದು ತಮ್ಮ ಕಾದಂಬರಿಯನ್ನು ಹಿಂದಕ್ಕೆ ಪಡೆದರು. ತೆರವಾದ ಜಾಗಕ್ಕೆ ಬಂದ ಚೀನೀ ಕಾದಂಬರಿ ಪ್ರಶಸ್ತಿಯನ್ನೇ ಪಡೆಯಿತು. ಅನುವಾದಿತ ಕಾದಂಬರಿಯೊಂದು ಆ ವಿಭಾಗದಲ್ಲಿ ಗೆದ್ದದ್ದು ಅದೇ ಮೊದಲು. ಗೆದ್ದ ಪುಸ್ತಕದ ಹೆಸರನ್ನಷ್ಟೇ ಓದುವವರಿಗೆ ಮಾರ್ಕೋ ಕ್ಲೂಸ್ ಎಂಬ ಮನುಷ್ಯ ಕಾಣುವುದೇ ಇಲ್ಲ.

ಇಷ್ಟು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. ನಮ್ಮ ಗ್ರಂಥಾಲಯದಲ್ಲೇ ಒಂದು ಮತದಾನ ಆರಂಭಿಸಿದೆವು. ಕನ್ನಡವಾಗಲಿ, ಇಂಗ್ಲಿಷಾಗಲಿ, ವಿಜ್ಞಾನ ಕಥೆ ಅಥವಾ ಅದ್ಭುತ ಕಥೆಯ ಪುಸ್ತಕವಾಗಿದ್ದರೆ ಸಾಕು. ಜುಲೈನಲ್ಲಿ ವಿದ್ಯಾರ್ಥಿಗಳು ಹೆಸರು ಸೂಚಿಸುತ್ತಾರೆ, ಆಗಸ್ಟ್ ಮೊದಲ ವಾರ ಚೀಟಿ ಹಾಕುತ್ತಾರೆ, ಗ್ರಂಥಪಾಲಕರ ದಿನ ಫಲಿತಾಂಶ. ಸಾಲಗಾಮೆ ರಸ್ತೆಯ ಬಸ್ಸಿನಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದ ಮುಂದೆ ಹಾದುಬರುವ ಮಕ್ಕಳು ಇವರು. ಆಕಾಶದಲ್ಲಿ ನಿಂತ ಉಪಗ್ರಹಗಳನ್ನು ತಮ್ಮ ಊರಿನಿಂದಲೇ ನಡೆಸುತ್ತಾರೆ ಎಂಬುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ಅಂಥವರಿಗೆ ಈ ಬಗೆಯ ಓದು ಪರಕೀಯವಾಗಲು ಸಾಧ್ಯವೇ ಇಲ್ಲ. ಒಂದು ವರ್ಷ ತೇಜಸ್ವಿಯವರ ‘ಕರ್ವಾಲೊ’ ವಿಜ್ಞಾನ ಕಥೆಯೇ ಅಲ್ಲವೇ ಎಂಬ ಚರ್ಚೆ ಓದುವ ಕೋಣೆಯಲ್ಲಿ ಎಷ್ಟು ಕಾವೇರಿತೆಂದರೆ, ಮೌನ ಪಾಲಿಸಿ ಎಂಬ ಫಲಕದ ಕೆಳಗೇ ಕೂತು ನಾನೂ ಮಾತಿಗಿಳಿದಿದ್ದೆ. ಹಾರುವ ಓತಿಯನ್ನು ಹುಡುಕಿ ಹೊರಟ ಕಥೆ ಪಟ್ಟಿಗೆ ಸೇರಬೇಕೆಂದೇ ನನ್ನ ವಾದ. ಈಗಲೂ ಅದೇ.

2023ರ ಜುಲೈನಲ್ಲಿ ಒಂದು ಇಂಗ್ಲಿಷ್ ಕಾದಂಬರಿಗೆ ಹೆಚ್ಚು ಸೂಚನೆಗಳು ಬಂದವು. ಅದರ ಒಂದು ಅಧ್ಯಾಯದಲ್ಲಿ ದೇವಾಲಯದ ಹಣ ಮತ್ತು ಅರ್ಚಕರ ಬಗ್ಗೆ ಕಟುವಾದ ಮಾತುಗಳಿದ್ದವು. ಎಲ್ಲವೂ ಕಲ್ಪಿತ ಲೋಕ, ಕಲ್ಪಿತ ದೇವರು. ಪಟ್ಟಿಯನ್ನು ಟೈಪ್ ಮಾಡುವಾಗ ನನಗೆ ಅಳುಕಾಯಿತು. ಯಾರಾದರೂ ಆ ಪುಟದ ಫೋಟೋ ತೆಗೆದು ಹಂಚಿದರೆ? ಕಾಲೇಜಿಗೆ ಕೆಟ್ಟ ಹೆಸರು ಬಂದರೆ? ಹಿರಿಯ ಸಹೋದ್ಯೋಗಿಯೊಬ್ಬರಲ್ಲಿ ಹೇಳಿಕೊಂಡೆ. ‘ಬಿಟ್ಟುಬಿಡಿ ಮೇಡಂ, ಯಾರು ಕೇಳುತ್ತಾರೆ’ ಎಂದರು. ನನಗೆ ಬೇಕಾಗಿದ್ದುದೂ ಆ ಮಾತೇ. ರಿಜಿಸ್ಟರಿನಲ್ಲಿ ಆ ಪುಸ್ತಕದ ಎದುರು ನನ್ನ ಕೈಯಾರೆ ‘ಅನರ್ಹ’ ಎಂದು ಬರೆದೆ. ಯಾರೂ ತಕರಾರು ಮಾಡಿರಲಿಲ್ಲ. ಯಾರೂ ಆದೇಶಿಸಿರಲಿಲ್ಲ.

ಕೇಳುವವರು ಇದ್ದರು. ಅರಕಲಗೂಡು ಕಡೆಯ ಒಬ್ಬ ವಿದ್ಯಾರ್ಥಿನಿ ಪಟ್ಟಿ ನೋಡಿ ನನ್ನ ಮೇಜಿನ ಬಳಿ ಬಂದಳು. ‘ನಾವು ಇಷ್ಟು ಜನ ಸೂಚಿಸಿದ್ದೆವಲ್ಲ ಮೇಡಂ, ಅದು ಯಾಕಿಲ್ಲ?’ ನಾನು, ‘ನಿಯಮಕ್ಕೆ ಹೊಂದಲಿಲ್ಲಮ್ಮ’ ಎಂದೆ. ಯಾವ ನಿಯಮ ಎಂದು ಅವಳು ಕೇಳಲಿಲ್ಲ. ಸರಿ ಮೇಡಂ ಎಂದು ಹೋದಳು. ಆ ವರ್ಷ ಅವಳು ಚೀಟಿ ಹಾಕಲಿಲ್ಲ ಎಂಬುದು ಎಣಿಸುವಾಗ ಗೊತ್ತಾಯಿತು.

ಆ ಅಕ್ಟೋಬರ್‌ನಲ್ಲಿ ಹ್ಯೂಗೋ ಪ್ರದಾನ ನಡೆದದ್ದು ಚೀನಾದ ಚೆಂಗ್ಡುವಿನಲ್ಲಿ. ಸಾಮಾನ್ಯವಾಗಿ ಪ್ರದಾನದ ಬೆನ್ನಿಗೇ ಬರುವ ಎಣಿಕೆಯ ವಿವರ ಈ ಸಲ ಮೂರು ತಿಂಗಳು ಬರಲಿಲ್ಲ. 2024ರ ಜನವರಿ 20ರಂದು ಹೊರಬಿದ್ದಾಗ, 2023ರಲ್ಲಿ ನೆಬ್ಯುಲಾ ಗೆದ್ದಿದ್ದ ಆರ್.ಎಫ್. ಕುವಾಂಗ್ ಅವರ ‘ಬೇಬಲ್’ ಕಾದಂಬರಿ ಅಂತಿಮ ಪಟ್ಟಿಗೆ ಬರುವಷ್ಟು ಸೂಚನೆಗಳನ್ನು ಪಡೆದಿದ್ದೂ ‘ಅರ್ಹವಲ್ಲ’ ಎಂದು ಪಕ್ಕಕ್ಕಿಟ್ಟದ್ದು ಬಯಲಾಯಿತು. ಕಾರಣದ ಜಾಗ ಖಾಲಿ. ಇನ್ನೂ ಕೆಲವರಿಗೆ ಹೀಗೆಯೇ ಆಗಿತ್ತು. ಮುಂದಿನ ತಿಂಗಳು ಸೋರಿಬಂದ ಇಮೇಲ್‌ಗಳಲ್ಲಿ ಇನ್ನೂ ದೊಡ್ಡ ಸಂಗತಿ ಇತ್ತು. ಪ್ರಶಸ್ತಿಯ ನಿರ್ವಹಣೆಯಲ್ಲಿದ್ದ ಪಾಶ್ಚಾತ್ಯರೇ ಕೂತು, ಚೀನಾ, ತೈವಾನ್, ಟಿಬೆಟ್ ಬಗ್ಗೆ ಯಾವ ಲೇಖಕರು ಏನು ಬರೆದಿದ್ದಾರೆ ಎಂದು ಹುಡುಕಿ ಟಿಪ್ಪಣಿ ಮಾಡಿದ್ದರು.

ಆ ಸುದ್ದಿಯನ್ನು ನಾನು ಓದಿದ್ದು ಮನೆಯಲ್ಲಿ, ರಾತ್ರಿ ಊಟದ ನಂತರ. ‘ಅರ್ಹವಲ್ಲ’ ಎಂಬ ಪದದ ಮೇಲೆ ಕಣ್ಣು ನಿಂತುಹೋಯಿತು. ನನ್ನದೇ ಅಕ್ಷರದಲ್ಲಿ ಬರೆದಂತೆ ಕಂಡಿತು. ಎಲ್ಲೋ ಯಾರೋ ಮಾಡಿದ ಅನ್ಯಾಯವೆಂದು ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೆ ಇರಲಿಲ್ಲ. ಬರಲಿರುವ ಭಯಕ್ಕೆ ಮೊದಲೇ ಮಣಿದು, ಆ ಮಣಿದದ್ದನ್ನು ನಿಯಮವೆಂದು ಕರೆದದ್ದು ಅವರೂ ಹೌದು, ನಾನೂ ಹೌದು. ಚೆಂಗ್ಡುವಿನಲ್ಲಿ ಶ್ರೇಷ್ಠ ಕಾದಂಬರಿಯಾಗಿ ಗೆದ್ದದ್ದು ಟಿ. ಕಿಂಗ್‌ಫಿಶರ್ ಅವರ ‘ನೆಟಲ್ ಅಂಡ್ ಬೋನ್’. ಅವರದೇನೂ ತಪ್ಪಿಲ್ಲದಿದ್ದರೂ ಆ ಗೆಲುವಿಗೆ ಪಕ್ಕದ ಖಾಲಿ ಜಾಗದ ನೆರಳು ಬಿತ್ತು. ನಮ್ಮಲ್ಲಿ ಗೆದ್ದ ಪುಸ್ತಕವನ್ನು ಪ್ರೀತಿಯಿಂದ ಗೆಲ್ಲಿಸಿದ್ದ ಮಕ್ಕಳಿಗೂ ನಾನು ಅದನ್ನೇ ಮಾಡಿದ್ದೆ.

ಸೋಮವಾರ ರಿಜಿಸ್ಟರ್ ತೆಗೆದು ಆ ಪದವನ್ನು ಹಾಗೆಯೇ ಬಿಟ್ಟು, ಕೆಳಗೆ ಕಾರಣ ಬರೆದೆ: ‘ಗ್ರಂಥಪಾಲಕಿಯು ಮುಂಜಾಗ್ರತೆಯೆಂದು ತಾನಾಗಿ ಕೈಬಿಟ್ಟದ್ದು. ನಿಯಮದಲ್ಲಿ ಇದಕ್ಕೆ ಆಧಾರವಿಲ್ಲ.’ ದಿನಾಂಕ ಹಾಕಿ ಸಹಿ ಮಾಡಿದೆ. ಸೂಚನೆಗಳ ಪೂರ್ತಿ ಎಣಿಕೆಯನ್ನು, ಆ ಟಿಪ್ಪಣಿಯ ಸಮೇತ, ಸೂಚನಾ ಫಲಕದಲ್ಲಿ ಅಂಟಿಸಿದೆ. ಪ್ರಾಂಶುಪಾಲರಿಗೆ ಮೊದಲೇ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂಟಿಸಿ’ ಎಂದರು. ವಿದ್ಯಾರ್ಥಿನಿಯನ್ನು ಕರೆಸಿ, ‘ಅಂದು ನಾನು ಹೇಳಿದ್ದು ನಿಜವಲ್ಲ, ಹೆದರಿ ತೆಗೆದೆ’ ಎಂದೆ. ಅವಳ ಮುಖದಲ್ಲಿ ಗೆಲುವೇನೂ ಕಾಣಲಿಲ್ಲ. ‘ನನಗೆ ಹಾಗೇ ಅನ್ನಿಸಿತ್ತು ಮೇಡಂ’ ಎಂದಳು. ನಾನು ಹೆದರಿದ ಗಲಾಟೆ ಬರಲೇ ಇಲ್ಲ. ಬಂದಿದ್ದರೂ ಅದನ್ನು ಎದುರಿಸುವುದು ನನ್ನ ಕೆಲಸದ ಭಾಗವೇ ಆಗಿತ್ತು.

2024ರ ಜುಲೈನಲ್ಲಿ, ಆ ವರ್ಷದ ಹ್ಯೂಗೋ ನಡೆಸುತ್ತಿದ್ದ ಗ್ಲಾಸ್ಗೋದವರು ಒಂದು ಪ್ರಕಟಣೆ ಹೊರಡಿಸಿದರು. ಅದನ್ನು ನಾನು ಮುದ್ರಿಸಿ ಕಡತದಲ್ಲಿ ಇಟ್ಟುಕೊಂಡಿದ್ದೇನೆ. ಬಂದ ಮತಗಳಲ್ಲಿ 377 ಮತಗಳನ್ನು ನಕಲಿ ಎಂದು ತೆಗೆದುಹಾಕಲಾಗಿತ್ತು. ಹೇಗೆ ಗೊತ್ತಾಯಿತು ಎಂಬುದನ್ನೂ ಹೇಳಿದ್ದರು: ಕೆಲವು ಮತದಾರರ ಎರಡನೆಯ ಹೆಸರುಗಳಲ್ಲಿ ಮೊದಲ ಅಕ್ಷರ ಮಾತ್ರ ವರ್ಣಮಾಲೆಯ ಕ್ರಮದಲ್ಲಿ ಬದಲಾಗುತ್ತಿತ್ತು, ಇನ್ನು ಕೆಲವರ ಹೆಸರುಗಳು ಒಂದರ ಮುಂದೊಂದು ಬರುವ ಸಂಖ್ಯೆಗಳ ಅನುವಾದಗಳಾಗಿದ್ದವು. ಆ ಮತಗಳೆಲ್ಲ ಒಬ್ಬರನ್ನೇ ಗೆಲ್ಲಿಸಲು ಬಂದವು. ಆದರೆ ಅವರಿಗೆ ಇದು ತಿಳಿದಿತ್ತು ಎನ್ನಲು ಆಧಾರವಿಲ್ಲವಾದ್ದರಿಂದ ಹೆಸರು ಹೇಳಲಿಲ್ಲ, ಪಟ್ಟಿಯಿಂದ ತೆಗೆಯಲೂ ಇಲ್ಲ. ಮತಗಳನ್ನಷ್ಟೇ ತೆಗೆದರು. ಎಷ್ಟು ಹದವಾದ ನಡೆ!

ಆ ಹದ ನನಗೆ ಮೂರೇ ವಾರದಲ್ಲಿ ಬೇಕಾಯಿತು. ನಮ್ಮ ಪೆಟ್ಟಿಗೆ ಒಡೆದು ಎಣಿಸುತ್ತಿದ್ದಾಗ ಹನ್ನೊಂದು ಚೀಟಿಗಳು ಒಂದೇ ಹಸಿರು ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ಬಂದಿದ್ದವು. ನೋಂದಣಿ ಸಂಖ್ಯೆಗಳು ಸಾಲಾಗಿದ್ದವು. ಹಾಜರಿ ಪುಸ್ತಕಕ್ಕೆ ಹೋಲಿಸಿದರೆ, ಅವರಲ್ಲಿ ಇಬ್ಬರು ಹಿಂದಿನ ವರ್ಷವೇ ಟಿ.ಸಿ. ಪಡೆದು ಹೋಗಿದ್ದವರು. ಎಲ್ಲವೂ ಒಂದು ಕನ್ನಡ ಕಥಾಸಂಕಲನದ ಪರವಾಗಿದ್ದವು. ಅಟೆಂಡರ್ ಅಣ್ಣ ಆ ಪುಸ್ತಕವನ್ನೇ ತೆಗೆಯಬೇಕು ಎಂದರು. ಪುಸ್ತಕ ಏನು ಮಾಡಿತ್ತು? ಅದನ್ನು ನಿಜವಾಗಿ ಮೆಚ್ಚಿ ಮತ ಹಾಕಿದವರು ಏನು ಮಾಡಿದ್ದರು? ಹನ್ನೊಂದು ಚೀಟಿ ತೆಗೆದೆವು. ಯಾಕೆ ತೆಗೆದೆವು ಎಂದು ಫಲಕದಲ್ಲಿ ಬರೆದೆವು. ಬರೆದವನು ಯಾರೆಂದು ಹುಡುಕಲು ಹೋಗಲಿಲ್ಲ. ಆ ಸಂಕಲನ ಮೂರನೆಯ ಸ್ಥಾನಕ್ಕೆ ಬಂತು.

ಮರುವರ್ಷದ ಮಾತು ಬೇರೆ ಬಗೆಯದು. 2025ರ ಮೇ 20ರ ರಾತ್ರಿ ಲಂಡನ್ನಿನಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕಾಗಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಮೊದಲನೆಯದು, ಕಥಾಸಂಕಲನವೊಂದಕ್ಕೂ ಮೊದಲನೆಯದು. ಅದು ತೀರ್ಪುಗಾರರ ಪ್ರಶಸ್ತಿ, ಮತಪೆಟ್ಟಿಗೆಯದಲ್ಲ. ಆ ಬೆಳಿಗ್ಗೆ ನನಗಾದ ಸಂತೋಷ ಹೇಳತೀರದು. ಎಂದೂ ಕಥೆ ಓದದವರೂ ಬಂದು ‘ಅವರ ಪುಸ್ತಕ ಇದೆಯೇ’ ಎಂದು ಕೇಳಿದರು. ಹಳೆಯ ಕನ್ನಡ ಸಂಕಲನವೊಂದನ್ನು ಬೀರುವಿನಿಂದ ತೆಗೆದು, ಹಿಂದಿನ ಪುಟದ ಚೀಟಿಯಲ್ಲಿ ಕೊನೆಯ ಮೊಹರು ಯಾವಾಗಿನದು ಎಂದು ನೋಡಿದೆ. ಬಹಳ ಹಳೆಯದು. ನಮ್ಮದೇ ಊರಿನ ಪುಸ್ತಕ, ಪ್ರಶಸ್ತಿ ಬರುವವರೆಗೂ ನನ್ನ ಬೀರುವಿನಲ್ಲೇ ಕಾದಿತ್ತು. 1931ರಲ್ಲಿ ರಂಗನಾಥನ್ ಬರೆದಿಟ್ಟ ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದು. ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ, ಅಷ್ಟೇ.

ಹಾಗಾಗಿ ಈಗ ನಾನು ಗೆದ್ದ ಪುಸ್ತಕವನ್ನು ಮಾತ್ರ ಕಪಾಟಿನ ಮೇಲೆ ಇಡುವುದಿಲ್ಲ. ಹ್ಯೂಗೋ ಆಗಲಿ, ನಮ್ಮ ಚೀಟಿಯ ಮತದಾನವಾಗಲಿ, ಇಡೀ ಎಣಿಕೆ ಫಲಕಕ್ಕೆ ಹೋಗುತ್ತದೆ, ಕೆಳಗಿನಿಂದ ಮೇಲಕ್ಕೆ. ಸೋತವು, ಒಂದೇ ಸೂಚನೆ ಪಡೆದವು, ತೆಗೆದವು, ತೆಗೆದ ಕಾರಣ. 2025ರ ಆಗಸ್ಟ್‌ನಲ್ಲಿ ಸಿಯಾಟಲ್‌ನಲ್ಲಿ ರಾಬರ್ಟ್ ಜಾಕ್ಸನ್ ಬೆನೆಟ್ ಅವರ ‘ದಿ ಟೇಂಟೆಡ್ ಕಪ್’ ಗೆದ್ದಾಗಲೂ ಹಾಗೆಯೇ ಹಾಕಿದೆ. ಹೊರಗೆ ಜಡಿಮಳೆ. ಬೇಲೂರಿನ ಬಸ್ಸು ತಪ್ಪಿಸಿಕೊಂಡ ಒಬ್ಬ ಹುಡುಗ ನೆನೆದ ಚೀಲ ಬಗಲಿಗಿಟ್ಟುಕೊಂಡು ಫಲಕದ ಮುಂದೆ ಬಹಳ ಹೊತ್ತು ನಿಂತಿದ್ದ. ನಮ್ಮ ಮತದಾನದ ಪಟ್ಟಿಯಲ್ಲಿ ತೀರ ಕೆಳಗಿದ್ದ, ಒಂದೇ ಒಂದು ಸೂಚನೆ ಬಂದಿದ್ದ ಪುಸ್ತಕದ ಹೆಸರನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಒಳಗೆ ಬಂದ.

‘ಇದು ಯಾವ ಬೀರುವಿನಲ್ಲಿದೆ ಮೇಡಂ?’

ನಾನು ಬೀಗದ ಕೈ ತೆಗೆದುಕೊಂಡು ಎದ್ದೆ.